ಪುಸ್ತಕ ಮುಚ್ಚಿ ಕಲಿ, ತಂಗಿ

ತಂಗಿ, ನೀನು ಬಿಟ್ಟುಹೋದ ಜರ್ಮನ್ ನೋಟ್‌ಬುಕ್ಕನ್ನು ಮೊದಲಿನಿಂದ ಕೊನೆಯವರೆಗೆ ತಿರುವಿ ನೋಡಿದೆ. ಪುಟವನ್ನು ಮೂರು ಪಾಲು ಮಾಡಿ ಎಡಕ್ಕೆ ಜರ್ಮನ್, ನಡುವೆ ಇಂಗ್ಲಿಷ್, ಬಲಕ್ಕೆ ಅಲ್ಲೊಂದು ಇಲ್ಲೊಂದು ಕನ್ನಡ ಬರೆದಿದ್ದೀ. ಮುಖ್ಯ ಅನಿಸಿದ್ದಕ್ಕೆಲ್ಲ ಹಳದಿ ಬಳಿದಿದ್ದೀ. ಕೆಲವು ಪುಟಗಳಲ್ಲಿ ಹಳದಿ ಇಲ್ಲದ ಸಾಲೇ ಇಲ್ಲ. ಇಷ್ಟು ಶ್ರದ್ಧೆಯಿಂದ ಬರೆದವಳು "ಮಾಸ್ತರ ಕಾಕಾ, ಮುಂಜಾನೆ ಇಪ್ಪತ್ತು ಸಲ ಓದತೀನಿ, ಸಂಜೀಕ ಎಲ್ಲಾ ಮಾಯ. ನನ್ನ ತಲ್ಯಾಗ ಏನೂ ನಿಂದ್ರಂಗಿಲ್ಲ" ಎಂದರೆ ನಾನು ಒಪ್ಪುವುದಿಲ್ಲ. ಮನುಷ್ಯನ ಮೈಯ 206 ಎಲುಬುಗಳ ಹೆಸರು ಕಲಿತು ನರ್ಸಿಂಗ್ ಪಾಸಾದವಳು ನೀನು. ಬಾಯಿ ತಿರುಗದ ಔಷಧಿಗಳ ಹೆಸರನ್ನು ಡೋಸಿನ ಸಮೇತ ಹೇಳುತ್ತೀ. ನಮ್ಮ ಓಣಿಯಲ್ಲಿ ಯಾರ ಮಗಳನ್ನು ಯಾವ ಊರಿಗೆ ಕೊಟ್ಟಿದ್ದಾರೆ, ಅವಳ ನಾದಿನಿ ಯಾರು ಎಂಬುದೂ ನಿನಗೆ ಗೊತ್ತು. ತಲೆ ಗಟ್ಟಿಯಾಗಿಯೇ ಇದೆ. ಓದುವ ರೀತಿ ಸರಿಯಿಲ್ಲ.

ನನಗೆ ಜರ್ಮನ್ ಬಾರದು. ಇಲ್ಲಿ ಬರೆಯುವ ನಾಲ್ಕು ಪದಗಳೂ ನಿನ್ನ ಪುಸ್ತಕದವು. ಉಚ್ಚಾರಕ್ಕೆ ನಿಮ್ಮ ಮೇಡಂ ಹೇಳಿದ್ದೇ ಪ್ರಮಾಣ. ಆದರೆ ಹೈಸ್ಕೂಲು ಮಕ್ಕಳಿಗೆ ಸಂಸ್ಕೃತ ಕಲಿಸಿ ನಿವೃತ್ತನಾದವನಿಗೆ ಪದ ಬಾಯಿಪಾಠ ಮಾಡಿಸುವುದು ಗೊತ್ತಿರುವ ಕಸುಬು. ಅದರ ಬಗ್ಗೆ ಇತ್ತೀಚೆಗೆ ನಡೆದ ಪ್ರಯೋಗಗಳನ್ನೂ ಕುತೂಹಲದಿಂದ ಓದಿದ್ದೇನೆ. ಆ ಬಲದ ಮೇಲೆ ಹೇಳುತ್ತೇನೆ, ಕೇಳು.

ಮೊದಲು ಎಷ್ಟು ದೂರ ಹೋಗಬೇಕೆಂದು ನೋಡೋಣ. ಗೋಥೆ ಇನ್‌ಸ್ಟಿಟ್ಯೂಟ್, ಅಂದರೆ ಬೆಂಗಳೂರಿನವರು ಮ್ಯಾಕ್ಸ್ ಮುಲ್ಲರ್ ಭವನ ಎನ್ನುತ್ತಾರಲ್ಲ, ಆ ಸಂಸ್ಥೆ ಮೊದಲ ಮೂರು ಹಂತದ ಪರೀಕ್ಷೆಗಳಿಗೆ ಪದಪಟ್ಟಿ ಕೊಡುತ್ತದೆ. ಎ1ಕ್ಕೆ ಸುಮಾರು 650 ಪದ, ಎ2ಕ್ಕೆ 1,300, ಬಿ1ಕ್ಕೆ 2,400. ನರ್ಸ್ ಆಗಿ ಜರ್ಮನಿಯಲ್ಲಿ ಪೂರ್ಣ ಮಾನ್ಯತೆ ಸಿಗಲು ಸಾಮಾನ್ಯವಾಗಿ ಬಿ2 ಕೇಳುತ್ತಾರೆ. ಅದು ಆಮೇಲಿನ ಮಾತು. ದಿನಕ್ಕೆ 10 ಹೊಸ ಪದವಾದರೆ 2,400ಕ್ಕೆ 240 ದಿನ, ಅಂದರೆ ಎಂಟು ತಿಂಗಳು. ದಿನಕ್ಕೆ 50 ಕಲಿಸುತ್ತೇವೆ ಎಂದು ಜಾಹೀರಾತು ಕೊಡುವವರ ಕಡೆ ನೋಡಲೇಬೇಡ. ಐವತ್ತು ಪದ ಯಾರಿಗಾದರೂ ಒಂದು ದಿನ ಬರುತ್ತವೆ. ಮುಂದಿನ ವಾರ ಎಷ್ಟು ಉಳಿದಿವೆ ಎಂದು ಅವರೂ ಕೇಳುವುದಿಲ್ಲ, ಕಲಿತವರೂ ಹೇಳುವುದಿಲ್ಲ.

ಈಗ ಇಪ್ಪತ್ತು ಸಲ ಓದುವ ವಿಷಯ. ಪದ ಮತ್ತು ಅರ್ಥ ಎರಡೂ ಕಣ್ಣ ಮುಂದೆಯೇ ಇರುವಾಗ ತಲೆಗೆ ಮಾಡಲು ಕೆಲಸವೇ ಇಲ್ಲ. ಎರಡನೇ ಸಲ ಓದುವಾಗ ಪರಿಚಯದ ಮುಖ ಕಂಡಂತಾಗುತ್ತದೆ, "ಇದು ಗೊತ್ತು" ಎಂದು ಮುಂದೆ ಹೋಗುತ್ತೀ. ಗುರುತು ಹಿಡಿಯುವುದು ಬೇರೆ, ಬೇಕಾದಾಗ ಬಾಯಿಗೆ ತಂದುಕೊಳ್ಳುವುದು ಬೇರೆ. ವಾರ್ಡಿನಲ್ಲಿ ರೋಗಿ ಎದುರಿಗಿರುವಾಗ ಬೇಕಾಗುವುದು ಎರಡನೆಯದು. ಅದನ್ನು ಅಭ್ಯಾಸ ಮಾಡಲು ಇರುವ ದಾರಿ ಒಂದೇ: ಅರ್ಥವನ್ನು ಮುಚ್ಚಬೇಕು, ನೆನಪಿಸಿಕೊಳ್ಳಬೇಕು, ಬಾಯಿಬಿಟ್ಟು ಹೇಳಬೇಕು, ಆಮೇಲೆ ತೆರೆದು ನೋಡಬೇಕು. ನೆನಪಾಗದೆ ಒದ್ದಾಡುತ್ತೀಯಲ್ಲ, ಕಲಿಕೆ ಆಗುವುದು ಆಗಲೇ. ಹತ್ತು ಎಣಿಸುವಷ್ಟು ಹೊತ್ತಾದರೂ ಒದ್ದಾಡು. ತಕ್ಷಣ ಹಾಳೆ ಎತ್ತಿ ನೋಡಿದರೆ ಮತ್ತೆ ಓದಿದ ಹಾಗೆಯೇ ಆಯಿತು.

ಇದು ನನ್ನ ಹಳೇಕಾಲದ ಹಟವೆಂದು ತಿಳಿಯಬೇಡ. 2008ರಲ್ಲಿ ಅಮೆರಿಕದ ಜೆಫ್ರಿ ಕಾರ್ಪಿಕೆ ಮತ್ತು ಹೆನ್ರಿ ರೋಡಿಗರ್ ಎಂಬ ಮನೋವಿಜ್ಞಾನಿಗಳು 'ಸೈನ್ಸ್' ಪತ್ರಿಕೆಯಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಕಾಲೇಜು ಹುಡುಗರಿಗೆ 40 ಸ್ವಾಹಿಲಿ ಪದ ಕಲಿಸಿದರು. ಒಂದು ಪದವನ್ನು ಒಮ್ಮೆ ಸರಿಯಾಗಿ ಹೇಳಿದ ಮೇಲೆ ಕೆಲವರಿಗೆ ಅದನ್ನು ಮತ್ತೆ ಮತ್ತೆ ಓದಲು ಕೊಟ್ಟರು, ಆದರೆ ಕೇಳಲಿಲ್ಲ. ಇನ್ನು ಕೆಲವರನ್ನು ಮತ್ತೆ ಮತ್ತೆ ಕೇಳಿದರು, ಓದಲು ಕೊಡಲಿಲ್ಲ. ವಾರದ ನಂತರ ಕೇಳಿಸಿಕೊಂಡವರಿಗೆ ನೂರಕ್ಕೆ ಸುಮಾರು 80 ನೆನಪಿತ್ತು. ಬರೀ ಓದಿದವರಿಗೆ ಮೂರರಲ್ಲಿ ಒಂದು ಪಾಲಿನಷ್ಟು. ನನಗೆ ಇದಕ್ಕಿಂತ ಸೋಜಿಗವೆನಿಸಿದ್ದು ಇನ್ನೊಂದು ಸಂಗತಿ. ಕಲಿತ ದಿನವೇ "ವಾರದ ಮೇಲೆ ನಿಮಗೆ ಎಷ್ಟು ನೆನಪಿರಬಹುದು?" ಎಂದು ಕೇಳಿದಾಗ ಎಲ್ಲ ಗುಂಪಿನವರೂ "ಸುಮಾರು ಅರ್ಧ" ಎಂದೇ ಅಂದಿದ್ದರು. ಯಾವ ರೀತಿ ಫಲ ಕೊಡುತ್ತಿದೆ ಎಂಬುದು ಕಲಿಯುವವರಿಗೇ ತಿಳಿದಿರಲಿಲ್ಲ. ಅದಕ್ಕೇ ಹೇಳುತ್ತೇನೆ, ಓದುವಾಗ ಮನಸ್ಸಿಗೆ ಹಿತವಾಗಿದೆಯೋ ಇಲ್ಲವೋ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡ.

ನಮ್ಮ ಕೂಲಿಮಠದ ಐಗಳಿಗೆ ಯಾವ ಪ್ರಯೋಗಶಾಲೆಯೂ ಇರಲಿಲ್ಲ. ಆದರೆ ಮಗ್ಗಿಯಾಗಲಿ ಪದ್ಯವಾಗಲಿ ಹುಡುಗ ಎದುರಿಗೆ ನಿಂತು, ಕೈಕಟ್ಟಿ, ಏನನ್ನೂ ನೋಡದೆ ಒಪ್ಪಿಸಬೇಕಿತ್ತು. ಒಪ್ಪಿಸುವಾಗ ತಡವರಿಸಿದರೆ ಬೆತ್ತ. ಬೆತ್ತವನ್ನು ಬಿಟ್ಟುಬಿಡೋಣ, ಅದರಿಂದ ಯಾರಿಗೂ ವಿದ್ಯೆ ಬಂದಿಲ್ಲ. ಒಪ್ಪಿಸುವುದನ್ನು ಮಾತ್ರ ಇಟ್ಟುಕೊಳ್ಳಬೇಕಿತ್ತು. 'ಬಾಯಿಪಾಠ ಕೆಟ್ಟದ್ದು' ಎಂದು ಹೀಗಳೆಯುವ ಭರದಲ್ಲಿ ನಮ್ಮ ಶಾಲೆಗಳು ಅದನ್ನೂ ಎಸೆದುಬಿಟ್ಟವು.

ಎರಡು ದಿಕ್ಕಿನಿಂದಲೂ ಒಪ್ಪಿಸು. ಜರ್ಮನ್ ನೋಡಿ ಕನ್ನಡ ಹೇಳುವುದು ಸುಲಭ. ಅದರಿಂದ ಓದಲು, ಕೇಳಲು ಬರುತ್ತದೆ. ಕನ್ನಡ ನೋಡಿ ಜರ್ಮನ್ ಹೇಳುವುದು ಕಷ್ಟ. ಮಾತಾಡಲು ಬರುವುದು ಅದರಿಂದ. ನಿನ್ನ ಪುಸ್ತಕದಲ್ಲಿ ನೀನು ಮಾಡಿಕೊಂಡಿದ್ದು ಮೊದಲನೆಯದನ್ನು ಮಾತ್ರ.

ಆ ನಡುವಿನ ಇಂಗ್ಲಿಷ್ ಪಟ್ಟಿಯನ್ನೂ ತೆಗೆದುಬಿಡು. 'ಷ್ವಿಂಡೆಲ್' ಎಂಬ ಪದದ ಮುಂದೆ 'ಗಿಡ್ಡಿನೆಸ್' ಎಂದು ಬರೆದುಕೊಂಡಿದ್ದೀ. ನಿನ್ನ ಅವ್ವನಿಗೆ ಬಿಪಿ ಏರಿದಾಗ ನೀನು ಹಾಗೆ ಯೋಚಿಸುತ್ತೀಯೇನು? ತಲೆಸುತ್ತು ಎನ್ನುತ್ತೀ. 'ಯೂಬೆಲ್‌ಕೈಟ್' ಎಂದರೆ ವಾಕರಿಕೆ. ಜರ್ಮನ್ನಿನಿಂದ ಇಂಗ್ಲಿಷಿಗೆ, ಇಂಗ್ಲಿಷಿನಿಂದ ಕನ್ನಡಕ್ಕೆ ಎರಡು ಹೊಳೆ ಯಾಕೆ ದಾಟಬೇಕು? ಅದೂ ಅಲ್ಲದೆ ಕೆಲವು ಕಡೆ ಜರ್ಮನ್ ಮಾತು ಇಂಗ್ಲಿಷಿಗಿಂತ ಕನ್ನಡಕ್ಕೇ ಹತ್ತಿರವಿದೆ. ರೋಗಿ ಚಳಿಯಾದಾಗ 'ಮೀರ್ ಇಸ್ಟ್ ಕಾಲ್ಟ್' ಎನ್ನುತ್ತಾನೆ, ತಲೆ ಸುತ್ತಿದಾಗ 'ಮೀರ್ ಇಸ್ಟ್ ಷ್ವಿಂಡೆಲಿಷ್'. 'ಮೀರ್' ಎಂದರೆ 'ನನಗೆ'. ನನಗೆ ಚಳಿ, ನನಗೆ ತಲೆಸುತ್ತು. ನಮ್ಮ ಚತುರ್ಥಿ ವಿಭಕ್ತಿಯೇ! ಇಂಗ್ಲಿಷಿನ ಮೂಲಕ ಹೋದರೆ 'ನಾನು' ಎಂದು ಶುರುಮಾಡಿ ತಪ್ಪುತ್ತೀ. ಕನ್ನಡ ಮಾಧ್ಯಮದವಳೆಂದು ಕ್ಲಾಸಿನಲ್ಲಿ ಹಿಂಜರಿಯುತ್ತೀಯಂತೆ, ನಿಮ್ಮ ಅವ್ವ ಹೇಳಿದಳು. ಇಂಥ ಜಾಗದಲ್ಲಿ ನೀನೇ ಮುಂದಿದ್ದೀ.

ಇನ್ನು ಮರೆವು. ಮರೆತೆ ಎಂದು ಅಳುವ ಮೊದಲು ಮರೆವು ಹೇಗೆ ನಡೆಯುತ್ತದೆ ಎಂದು ತಿಳಿದುಕೋ. ಹರ್ಮನ್ ಎಬ್ಬಿಂಗ್‌ಹೌಸ್ ಎಂಬ ಜರ್ಮನ್ ವಿದ್ವಾಂಸ ತನ್ನ ಮೇಲೆ ತಾನೇ ಪ್ರಯೋಗ ಮಾಡಿಕೊಂಡು 1885ರಲ್ಲಿ ಪುಸ್ತಕ ಬರೆದ. ಅರ್ಥವಿಲ್ಲದ ಸಾವಿರಾರು ತುಂಡು ಶಬ್ದಗಳನ್ನು ಉರುಹೊಡೆದು, ಬೇರೆ ಬೇರೆ ಅವಧಿ ಬಿಟ್ಟು, ಮತ್ತೆ ಕಲಿಯಲು ಎಷ್ಟು ಶ್ರಮ ಉಳಿಯುತ್ತದೆ ಎಂದು ಅಳೆದ. ಒಂದು ತಾಸಿನ ಮೇಲೆ ನೂರಕ್ಕೆ 44ರಷ್ಟು ಶ್ರಮ ಉಳಿಯಿತು, ಒಂದು ದಿನದ ಮೇಲೆ 34ರಷ್ಟು, ಒಂದು ತಿಂಗಳ ಮೇಲೆ 21ರಷ್ಟು. ಈ ಅಂಕಿಗಳನ್ನು 'ಮನುಷ್ಯ ಒಂದೇ ದಿನದಲ್ಲಿ ಮುಕ್ಕಾಲು ಪಾಲು ಮರೆಯುತ್ತಾನೆ' ಎಂದು ತಿರುಚಿ ಹೇಳಿ ಕೋಚಿಂಗ್ ಕ್ಲಾಸಿನವರು ಹೆದರಿಸುತ್ತಾರೆ. ಅವನು ಅಳೆದದ್ದು ಅರ್ಥವಿಲ್ಲದ ಶಬ್ದಗಳನ್ನು. ಅದೂ ಮರುಕಲಿಕೆಯಲ್ಲಿ ಆಗುವ ಉಳಿತಾಯವನ್ನು. ನೀನು ತೆಗೆದುಕೊಳ್ಳಬೇಕಾದದ್ದು ಬೇರೆ: ನೆನಪು ಮೊದಲ ದಿನ ರಭಸವಾಗಿ ಇಳಿಯುತ್ತದೆ, ಆಮೇಲೆ ಇಳಿತ ನಿಧಾನವಾಗುತ್ತದೆ, ತಿಂಗಳ ಮೇಲೂ ಏನೋ ಒಂದಿಷ್ಟು ಒಳಗೆ ಉಳಿದೇ ಇರುತ್ತದೆ. ಆದ್ದರಿಂದ ಮೊದಲ ಭೇಟಿ ಬೇಗ ಆಗಬೇಕು, ಮುಂದಿನ ಭೇಟಿಗಳ ನಡುವಿನ ಅಂತರ ಬೆಳೆಯುತ್ತ ಹೋಗಬೇಕು. ಒಂದೇ ಮುಂಜಾನೆ ಇಪ್ಪತ್ತು ಸಲ ಓದುವ ಬದಲು ಅದೇ ಪದವನ್ನು ಇವತ್ತು, ನಾಳೆ, ನಾಲ್ಕನೆಯ ದಿನ, ಮುಂದಿನ ವಾರ, ಹದಿನೈದು ದಿನದ ಮೇಲೆ, ತಿಂಗಳ ಮೇಲೆ ಒಂದೊಂದು ಸಲ ಒಪ್ಪಿಸಿದರೆ ಆರೇ ಸಲಕ್ಕೆ ಕೆಲಸ ಮುಗಿಯಬಹುದು.

ಇದನ್ನೆಲ್ಲ ತಲೆಯಲ್ಲಿ ಇಟ್ಟುಕೊಳ್ಳುವುದು ಹೇಗೆ? ಸೆಬಾಸ್ಟಿಯನ್ ಲೈಟ್ನರ್ ಎಂಬ ವಿಜ್ಞಾನ ಪತ್ರಕರ್ತ 1972ರಲ್ಲಿ ಜರ್ಮನ್ ಭಾಷೆಯಲ್ಲೇ ಬರೆದ ಪುಸ್ತಕದಲ್ಲಿ ಒಂದು ಸರಳ ಉಪಾಯವಿದೆ. ಐದು ಖಾನೆಯ ಒಂದು ಡಬ್ಬ. ನಿಮ್ಮ ಮನೆಯಲ್ಲಿ ಲಗ್ನಪತ್ರಿಕೆಗಳಿಗೇನು ಬರವೇ? ಒಂದು ಮಗ್ಗುಲು ಖಾಲಿ ಇರುವ ದಪ್ಪ ಹಾಳೆಗಳನ್ನು ಆಯ್ದು, ಅಂಗೈಯಷ್ಟು ಚೀಟಿ ಕತ್ತರಿಸು. ಎರಡು ಸೇರಿಸಿ ಅಂಟಿಸಿದರೆ ಎರಡೂ ಮಗ್ಗುಲು ಬರೆಯಲು ಬರುತ್ತದೆ. ಒಂದು ಕಡೆ ಕನ್ನಡ, ಇನ್ನೊಂದು ಕಡೆ ಜರ್ಮನ್. ಹೊಸ ಚೀಟಿಗಳೆಲ್ಲ ಮೊದಲ ಖಾನೆಗೆ. ಸರಿಯಾಗಿ ಹೇಳಿದ ಚೀಟಿ ಮುಂದಿನ ಖಾನೆಗೆ ಹೋಗುತ್ತದೆ. ತಪ್ಪಿದ್ದು ಎಷ್ಟನೆಯ ಖಾನೆಯಲ್ಲಿದ್ದರೂ ಮೊದಲ ಖಾನೆಗೇ ವಾಪಸು. ಮೊದಲ ಖಾನೆಯನ್ನು ದಿನಾ ತೆಗೆಯಬೇಕು, ಎರಡನೆಯದನ್ನು ಎರಡು ಮೂರು ದಿನಕ್ಕೊಮ್ಮೆ, ಮೂರನೆಯದನ್ನು ವಾರಕ್ಕೊಮ್ಮೆ, ಉಳಿದವನ್ನು ಇನ್ನೂ ತಡವಾಗಿ. ಬಂದ ಪದದ ಮೇಲೆ ಹೊತ್ತು ಕಳೆಯುವುದು ತಪ್ಪುತ್ತದೆ, ಬಾರದ ಪದ ಕಣ್ಣು ತಪ್ಪಿಸಿಕೊಳ್ಳಲಾರದು.

ಮೊಬೈಲಿನಲ್ಲಿ ಇದೇ ಕೆಲಸವನ್ನು 'ಆಂಕಿ' ಎಂಬ ಆ್ಯಪ್ ಮಾಡುತ್ತದೆ. ಡೇಮಿಯನ್ ಎಲ್ಮ್ಸ್ ಎಂಬಾತ 2006ರಲ್ಲಿ ಹೊರತಂದದ್ದು. ಆಂಡ್ರಾಯ್ಡ್ ಫೋನಿಗೆ ಪುಕ್ಕಟೆ. ಯಾವ ಪದ ಯಾವ ದಿನ ಬರಬೇಕೆಂಬ ಲೆಕ್ಕ ಅದೇ ಇಡುತ್ತದೆ, ಉಚ್ಚಾರವನ್ನೂ ಸೇರಿಸಬಹುದು. ಹುಬ್ಬಳ್ಳಿ ಡ್ಯೂಟಿಗೆ ಚಿಗರಿ ಬಸ್ಸಿನಲ್ಲಿ ಹೋಗಿಬರುವ ಹೊತ್ತು ಅದಕ್ಕೆ ಸಾಕು. ಆದರೆ ಫೋನು ಕೈಗೆ ಬಂದ ಮೇಲೆ ನೀನು ಆಂಕಿಯನ್ನೇ ತೆರೆಯುತ್ತೀಯೋ ರೀಲ್ಸನ್ನು ತೆರೆಯುತ್ತೀಯೋ ನಿನಗೇ ಗೊತ್ತು. ನನ್ನನ್ನು ಕೇಳಿದರೆ ಡಬ್ಬವೇ ಸರಿ. ಇನ್ನೊಬ್ಬರು ಮಾಡಿಟ್ಟ ಚೀಟಿಗಳ ಕಟ್ಟನ್ನು ಡೌನ್‌ಲೋಡ್ ಮಾಡಿಕೊಳ್ಳುವುದನ್ನಂತೂ ಒಪ್ಪಲಾರೆ. ಚೀಟಿ ಬರೆಯುವಾಗ, ಉದಾಹರಣೆ ಹುಡುಕುವಾಗ ಅರ್ಧ ಪದ ಬಂದುಬಿಟ್ಟಿರುತ್ತದೆ.

ದಿನಾ ಹಳೆಯ ಚೀಟಿ ಮೊದಲು, ಹೊಸದು ಆಮೇಲೆ. ಹಳೆಯದು ಮುಗಿಯದಿದ್ದರೆ ಆ ದಿನ ಹೊಸದು ಬೇಡವೇ ಬೇಡ. ಹಿಂದಿನ ಪಾಠಶಾಲೆಗಳಲ್ಲಿ ಪಾಡ್ಯ, ಅಷ್ಟಮಿ ಬಂದರೆ ಹೊಸ ಪಾಠ ಹೇಳುತ್ತಿರಲಿಲ್ಲ. ಅದಕ್ಕೆ ಶಾಸ್ತ್ರದ ಕಾರಣಗಳೇನೇ ಇರಲಿ, ಕಲಿತದ್ದು ಒಳಗಿಳಿಯಲು ಬಿಡುವು ಸಿಗುತ್ತಿತ್ತು. ನೀನೂ ವಾರಕ್ಕೊಂದು ದಿನ ಹಾಗೆ ಇಟ್ಟುಕೋ. ನೈಟ್ ಡ್ಯೂಟಿಯ ವಾರದಲ್ಲಿ ಹೊಸ ಪದಗಳನ್ನು ಐದಕ್ಕೆ ಇಳಿಸು. ಹಗಲೋ ರಾತ್ರಿಯೋ, ನಿದ್ದೆಗೆ ಮುಂಚಿನ ಕಾಲುತಾಸು ಚೀಟಿಗೆ ಕೊಡು, ಆಮೇಲೆ ಫೋನ್ ಮುಟ್ಟದೆ ಮಲಗು. ಕಲಿತ ಮೇಲೆ ನಿದ್ದೆ ಮಾಡಿದವರಿಗೆ ಎದ್ದಿದ್ದವರಿಗಿಂತ ಹೆಚ್ಚು ನೆನಪಿರುತ್ತದೆ ಎಂದು 1924ರಲ್ಲೇ ಜೆಂಕಿನ್ಸ್ ಮತ್ತು ಡಲೆನ್‌ಬಾಕ್ ತೋರಿಸಿದ್ದಾರೆ. ನಿದ್ದೆಗೆಟ್ಟು ಓದುವವರು ಒಂದು ಕೈಯಿಂದ ಕೊಟ್ಟು ಇನ್ನೊಂದು ಕೈಯಿಂದ ಕಸಿದುಕೊಳ್ಳುತ್ತಾರೆ. ನೆನಪಿನ ಶಕ್ತಿಯ ಟಾನಿಕ್ಕಿಗೆ ದುಡ್ಡು ಹಾಕಬೇಡ. ಬಾದಾಮಿ ಇಷ್ಟವಾದರೆ ತಿನ್ನು, ಅಷ್ಟೆ.

ಈಗ ನೀನು ಎಲ್ಲಕ್ಕಿಂತ ಹೆದರುವ ಡೇರ್, ಡೀ, ಡಾಸ್ ಎಂಬ ಲಿಂಗಸೂಚಕಗಳ ವಿಷಯಕ್ಕೆ ಬರುತ್ತೇನೆ. ಇಲ್ಲಿ ನನಗೆ ಸ್ವಲ್ಪ ಹುರುಪು ಬರುತ್ತದೆ, ಸಹಿಸಿಕೋ. ಕನ್ನಡದಲ್ಲಿ ಗಂಡಸು ಪುಲ್ಲಿಂಗ, ಹೆಂಗಸು ಸ್ತ್ರೀಲಿಂಗ, ಉಳಿದದ್ದೆಲ್ಲ ನಪುಂಸಕ. ಜರ್ಮನ್ನಿನಲ್ಲಿ ಕುತ್ತಿಗೆ ಪುಲ್ಲಿಂಗ, ಸೂಜಿ ಸ್ತ್ರೀಲಿಂಗ, ಹುಡುಗಿ ನಪುಂಸಕ! "ಇದೆಂಥಾ ಭಾಷಾ ಕಾಕಾ" ಎಂದು ನಕ್ಕೆಯಲ್ಲ, ಸಂಸ್ಕೃತವೂ ಹಾಗೆಯೇ ಇದೆ. ಹೆಂಡತಿಗೆ 'ದಾರ' ಎಂದರೆ ಪುಲ್ಲಿಂಗ, 'ಕಲತ್ರ' ಎಂದರೆ ನಪುಂಸಕ, 'ಭಾರ್ಯಾ' ಎಂದರೆ ಸ್ತ್ರೀಲಿಂಗ. ಹಾಗಾದರೆ ನಮ್ಮ ಹಿರಿಯರು ಇದನ್ನು ಹೇಗೆ ನಿಭಾಯಿಸಿದರು? ಅಮರಸಿಂಹನ ಕೋಶದ ನಿಜವಾದ ಹೆಸರೇ 'ನಾಮಲಿಂಗಾನುಶಾಸನ'. ಮೂರು ಕಾಂಡ, ಸುಮಾರು ಒಂದೂವರೆ ಸಾವಿರ ಶ್ಲೋಕ. ಹೆಸರನ್ನು ಲಿಂಗದ ಸಮೇತ ಕಲಿಸುವುದು ಅದರ ಉದ್ದೇಶ. ರೂಪವನ್ನು ನೋಡಿ ಲಿಂಗ ತಿಳಿಯಬೇಕು, ಇಲ್ಲವೇ ಪಕ್ಕದ ಪದದಿಂದ ತಿಳಿಯಬೇಕು, ಎರಡೂ ಆಗದಿದ್ದರೆ ಆತನೇ ಬಿಡಿಸಿ ಹೇಳುತ್ತಾನೆ. ಹುಡುಗ ಶ್ಲೋಕ ಕಲಿತರೆ ಲಿಂಗವೂ ಅದರೊಂದಿಗೇ ಬಂತು. ಆಮೇಲೆ ಬೇರೆ ಪಟ್ಟಿ ಉರುಹೊಡೆಯುವ ತಾಪತ್ರಯವಿಲ್ಲ. ನಿನ್ನ ಕಸುಬಿನ ದೇಹಭಾಗಗಳು, ರೋಗಗಳ ಹೆಸರುಗಳೂ ಎರಡನೆಯ ಕಾಂಡದ ಮನುಷ್ಯವರ್ಗದಲ್ಲಿವೆ. ಎಂದಾದರೂ ಬಂದು ನೋಡು, ನಾಚಿರಾಜನ ಕನ್ನಡ ಟೀಕೆಯೇ ಅದಕ್ಕಿದೆ.

ಅಮರನ ದಾರಿಯನ್ನೇ ಹಿಡಿ. ಬರೀ 'ಹಲ್ಸ್' ಎಂದು ಬರೆಯಬೇಡ, 'ಡೇರ್ ಹಲ್ಸ್' ಎಂದೇ ಬರೆ, ಹಾಗೆಯೇ ಒಪ್ಪಿಸು. ಡೇರ್ ಬಿಟ್ಟು ಹೇಳಿದರೆ ತಪ್ಪೆಂದೇ ಲೆಕ್ಕ, ಚೀಟಿ ಮೊದಲ ಖಾನೆಗೆ. ಮೂರಕ್ಕೂ ಮೂರು ಬಣ್ಣದ ಪೆನ್ನಿಡು. ನಿನ್ನ ಹಳದಿಗಿಂತ ಅದು ಉಪಯೋಗಕ್ಕೆ ಬರುತ್ತದೆ. ರೂಪದಿಂದ ತಿಳಿಯುವವೂ ಬೇಕಾದಷ್ಟಿವೆ. '-ಉಂಗ್' ಎಂದು ಮುಗಿಯುವ ಇಂಥ ನಾಮಪದಗಳು ಡೀ: ಚಿಕಿತ್ಸೆಗೆ 'ಬೆಹಾಂಡ್ಲುಂಗ್', ತಪಾಸಣೆಗೆ 'ಉಂಟರ್‌ಜೂಖುಂಗ್', ಡಿಸ್ಚಾರ್ಜಿಗೆ 'ಎಂಟ್‌ಲಾಸುಂಗ್', ಲಸಿಕೆಗೆ 'ಇಂಪ್ಫುಂಗ್'. '-ಹೈಟ್', '-ಕೈಟ್' ಕೂಡ ಡೀ: ರೋಗ 'ಕ್ರಾಂಕ್‌ಹೈಟ್', ಆರೋಗ್ಯ 'ಗೆಜುಂಟ್‌ಹೈಟ್'. ಆಸ್ಪತ್ರೆಯ ಅರ್ಧ ಕಾಗದಪತ್ರ ಇವುಗಳಲ್ಲೇ ನಡೆಯುತ್ತದೆ. ಸಮಾಸವಾದರೆ ಕೊನೆಯ ಪದದ ಲಿಂಗವೇ ಇಡೀ ಪದಕ್ಕೆ. ಮನೆ 'ಡಾಸ್ ಹೌಸ್', ಆದ್ದರಿಂದ ಆಸ್ಪತ್ರೆ 'ಡಾಸ್ ಕ್ರಾಂಕೆನ್‌ಹೌಸ್'. ನರ್ಸ್ 'ಡೀ ಕ್ರಾಂಕೆನ್‌ಷ್ವೆಸ್ಟರ್'. ಆಂಬುಲೆನ್ಸ್ 'ಡೇರ್ ಕ್ರಾಂಕೆನ್‌ವಾಗೆನ್'. ಉದ್ದ ನೋಡಿ ಹೆದರುವ ಬದಲು ಬಿಡಿಸಿ ನೋಡು. ವಿಗ್ರಹವಾಕ್ಯ ಮಾಡುವುದನ್ನು ಹೈಸ್ಕೂಲಿನಲ್ಲಿ ಕಲಿತೇ ಇದ್ದೀ.

ಎಷ್ಟು ಒಪ್ಪಿಸಿದರೂ ನಿಲ್ಲದ ಕೆಲವು ಹಟಮಾರಿ ಪದಗಳಿರುತ್ತವೆ. ಅವಕ್ಕೆ ಚಿತ್ರದ ಉಪಾಯ ಮಾಡು. ಜರ್ಮನ್ ಪದದ ದನಿಗೆ ಹತ್ತಿರದ ಕನ್ನಡ ಪದ ಹುಡುಕಿ, ಅದನ್ನೂ ಅರ್ಥವನ್ನೂ ಒಂದು ವಿಚಿತ್ರ ಚಿತ್ರದಲ್ಲಿ ಕೂಡಿಸಬೇಕು. 'ಡೇರ್ ಹಲ್ಸ್', ಕುತ್ತಿಗೆ: ಗರಡಿಮನೆಯ ಪೈಲ್ವಾನನೊಬ್ಬ ಕುತ್ತಿಗೆಗೆ ಇಡೀ ಹಲಸಿನಹಣ್ಣು ಕಟ್ಟಿಕೊಂಡು ನಿಂತಿದ್ದಾನೆ. ಪೈಲ್ವಾನ ಯಾಕೆ? ಪುಲ್ಲಿಂಗ ನೆನಪಿರಲೆಂದು. 'ಡೇರ್ ಕೊಪ್ಫ್', ತಲೆ: ಮದುವೆಮನೆಯ ಕೊಪ್ಪರಿಗೆಯಲ್ಲಿ ಅಡುಗೆಭಟ್ಟನ ತಲೆ ಸಿಕ್ಕಿಕೊಂಡಿದೆ. 'ಡೀ ನಾಡೆಲ್', ಸೂಜಿ: ನಾಡದೇವಿ ಸಿಂಹಾಸನದ ಮೇಲೆ ಕೂತು ಇಂಜೆಕ್ಷನ್ ಸೂಜಿ ಹಿಡಿದಿದ್ದಾಳೆ. ನಗು ಬಂತೇ? ಬರಲಿ. ಸಭ್ಯವಾದ ಚಿತ್ರ ಬೇಗ ಮರೆತುಹೋಗುತ್ತದೆ. ಚಿತ್ರವನ್ನು ನೀನೇ ಕಟ್ಟಬೇಕು, ನನ್ನದನ್ನು ಎರವಲು ಪಡೆಯಬಾರದು. 1975ರಲ್ಲಿ ರಿಚರ್ಡ್ ಆಟ್ಕಿನ್ಸನ್ ಮತ್ತು ಮೈಕೆಲ್ ರಾ ಈ ರೀತಿಯಲ್ಲಿ 120 ರಷ್ಯನ್ ಪದ ಕಲಿಸಿ ನೋಡಿದರು. ಚಿತ್ರ ಕಟ್ಟಿದವರಿಗೆ ನೂರಕ್ಕೆ 72 ಬಂದವು, ತಮ್ಮ ರೀತಿಯಲ್ಲಿ ಕಲಿತವರಿಗೆ 46. ಆರು ವಾರ ಬಿಟ್ಟು ಕೇಳಿದಾಗ 43 ಮತ್ತು 28. ಎರಡನೆಯ ಅಂಕಿಯನ್ನು ಗಮನಿಸು: ಚಿತ್ರ ಕಟ್ಟಿದವರೂ ಮರೆತರು. ಚಿತ್ರವೆಂಬುದು ಸ್ಲ್ಯಾಬ್ ಹಾಕುವಾಗ ಕೊಡುವ ಸೆಂಟ್ರಿಂಗ್ ಹಲಗೆ, ಕಾಂಕ್ರೀಟ್ ಗಟ್ಟಿಯಾಗುವವರೆಗೆ ಬೇಕು. ಗಟ್ಟಿ ಮಾಡುವುದು ದಿನದಿನದ ಒಪ್ಪಿಸುವಿಕೆಯೇ. ಎಲ್ಲ ಪದಕ್ಕೂ ಚಿತ್ರ ಕಟ್ಟುತ್ತ ಕೂತರೆ ಬದುಕಿನಲ್ಲಿ ಬೇರೆ ಕೆಲಸವಾಗುವುದಿಲ್ಲ. ದನಿಯೂ ಕೆಡಬಹುದು, ಹಲಸು ಹಲಸು ಎನ್ನುತ್ತ 'ಹಲ್ಸ್' ಎಂಬುದನ್ನು 'ಹಲಸ್' ಮಾಡಿಬಿಟ್ಟೀ. ಮೊದಲು ಆಡಿಯೋ ಕೇಳು.

ಹಲಸಿಗೂ ಹಲ್ಸ್‌ಗೂ ಯಾವ ನಂಟೂ ಇಲ್ಲ, ನಾವು ಕಟ್ಟಿದ್ದು. ಆದರೆ ನಿಜವಾದ ನಂಟಿರುವ ಪದಗಳೂ ಇವೆ. 1786ರಲ್ಲಿ ವಿಲಿಯಂ ಜೋನ್ಸ್ ಕಲ್ಕತ್ತೆಯಲ್ಲಿ ಸಂಸ್ಕೃತ, ಗ್ರೀಕ್, ಲ್ಯಾಟಿನ್‌ಗಳಿಗೆ ಒಂದೇ ಮೂಲವಿರಬೇಕು ಎಂದನಷ್ಟೆ. ಜರ್ಮನ್ನೂ ಆ ಮನೆತನದ್ದೇ. ಕನ್ನಡ ಬೇರೆ ಮನೆತನದ್ದಾದರೂ ಸಂಸ್ಕೃತದಿಂದ ನಾವು ತಂದುಕೊಂಡದ್ದು ಇಲ್ಲಿ ಕೈಹಿಡಿಯುತ್ತದೆ. ಹಲ್ಲು 'ತ್ಸಾನ್', ನಮ್ಮ ದಂತ. ಉಗುರು 'ನಾಗೆಲ್', ನಖ. ಮೂಗು 'ನಾಝೆ', ನಾಸಿಕ. ಪಾದ 'ಫೂಸ್'. ಮೊಣಕಾಲು 'ಕ್ನೀ', ಅದು ಜಾನು. ಮೊಣಕಾಲು ಮುಟ್ಟುವ ತೋಳಿನವನನ್ನೇ ಅಲ್ಲವೇ ನಾವು ಆಜಾನುಬಾಹು ಎನ್ನುವುದು? ಹೊಸದು 'ನೊಯ್', ನವ. ಇಂಥವಕ್ಕೆ ಚೀಟಿಯ ಮೂಲೆಯಲ್ಲಿ ಸಂಸ್ಕೃತ ಪದ ಬರೆದಿಡು, ಸಾಕು.

ಇನ್ನೊಂದು ಎಚ್ಚರ. ನಿಮ್ಮ ಪುಸ್ತಕ ಒಂದೇ ಪಾಠದಲ್ಲಿ ಎಲ್ಲ ಬಣ್ಣ, ಇನ್ನೊಂದರಲ್ಲಿ ಎಲ್ಲ ದೇಹಭಾಗ ಎಂದು ಕೊಟ್ಟಿದೆ. ಹಾಗೆ ಒಂದೇ ಜಾತಿಯ ಪದಗಳನ್ನು ಒಟ್ಟಿಗೆ ಕಲಿತರೆ ಒಂದರ ಜಾಗಕ್ಕೆ ಇನ್ನೊಂದು ಬರುತ್ತದೆ. 1993ರಲ್ಲಿ ಥಾಮಸ್ ಟಿಂಕಮ್ ಇದನ್ನು ಪ್ರಯೋಗ ಮಾಡಿ ತೋರಿಸಿದ. ಎಡ 'ಲಿಂಕ್ಸ್', ಬಲ 'ರೆಷ್ಟ್ಸ್'. ಇವೆರಡನ್ನು ಒಂದೇ ದಿನ ಕಲಿತರೆ ಯಾವುದು ಯಾವುದೆಂಬ ಗೊಂದಲ ಬಹುಕಾಲ ಉಳಿಯುತ್ತದೆ, ಆಪರೇಷನ್ ಥಿಯೇಟರಿನಲ್ಲಿ ಅದು ತಮಾಷೆಯ ಮಾತಲ್ಲ. ಒಂದನ್ನು ಗಟ್ಟಿಮಾಡಿಕೊಂಡು ಎರಡು ವಾರದ ಮೇಲೆ ಇನ್ನೊಂದನ್ನು ತಾ. ಅಮರಕೋಶದಲ್ಲಿ ಒಂದೇ ಅರ್ಥದ ಪದಗಳೆಲ್ಲ ಒಟ್ಟಿಗೇ ಇವೆಯಲ್ಲ ಎಂದು ನನ್ನನ್ನು ಹಿಡಿಯಬಹುದು. ನಿಜ, ಆದರೆ ಅಲ್ಲಿ ಛಂದಸ್ಸು ಇದೆ. ಪದ ಅದಲುಬದಲಾದರೆ ಶ್ಲೋಕದ ನಡಿಗೆಯೇ ಕೆಡುತ್ತದೆ. ನಿನ್ನ ಪಟ್ಟಿಗೆ ಆ ಕಾವಲಿಲ್ಲ.

ಒಂಟಿ ಪದವನ್ನು ಒಂದು ಮಟ್ಟಕ್ಕೆ ಗುರುತಿಸಲು ಬಂತೆಂದರೆ ವಾಕ್ಯದೊಳಗೆ ಇಡು. ನೋವಿಗೆ 'ಷ್ಮೆರ್ಟ್ಸ್' ಎಂದು ಬರೆದಿದ್ದೀ, ಸರಿಯೇ. ಆದರೆ ನೀನು ಕೇಳಬೇಕಾದ ಪ್ರಶ್ನೆ 'ವೋ ಟೂಟ್ ಎಸ್ ವೇ?', ಎಲ್ಲಿ ನೋಯುತ್ತದೆ? ಅದರಲ್ಲಿ ಷ್ಮೆರ್ಟ್ಸ್ ಇಲ್ಲವೇ ಇಲ್ಲ. ಆದ್ದರಿಂದ ಚೀಟಿಯಲ್ಲಿ ಪದದ ಕೆಳಗೆ ಒಂದು ವಾಕ್ಯ ಬೇಕು, ಅದೂ ನಿನ್ನ ವಾರ್ಡಿನ ವಾಕ್ಯ. ಧಾರವಾಡದಲ್ಲಿ ಯಾರ ಹೆಸರಿನ ಕಾಲೇಜಿನ ಮುಂದೆ ನೀನು ದಿನಾ ಹಾಯುತ್ತೀಯೋ ಆ ಕಿಟೆಲ್ ಸಾಹೇಬರನ್ನು ನೋಡು. ಉತ್ತರ ಜರ್ಮನಿಯಲ್ಲಿ 1832ರಲ್ಲಿ ಹುಟ್ಟಿ, 1853ರಲ್ಲಿ ಬಾಸೆಲ್ ಮಿಷನ್ನಿನಿಂದ ಇಲ್ಲಿಗೆ ಬಂದಾಗ ಅವರಿಗೆ ನಿನಗಿಂತ ಚಿಕ್ಕ ವಯಸ್ಸು. ಕೇಶಿರಾಜನ ವ್ಯಾಕರಣವನ್ನು 1872ರಲ್ಲಿ, ನಾಗವರ್ಮನ ಛಂದಸ್ಸಿನ ಗ್ರಂಥವನ್ನು 1875ರಲ್ಲಿ ಸಂಪಾದಿಸಿ, 1894ರಲ್ಲಿ ಸುಮಾರು 70,000 ಪದಗಳ ನಿಘಂಟು ಕೊಟ್ಟರು. ನೀನು ಹೋಗುವ ದಾರಿಯಲ್ಲಿ ಎದುರಿನಿಂದ ಬಂದವರು ಅವರು. ಅವರ ನಿಘಂಟು ತೆಗೆದರೆ ಪದದ ಮುಂದೆ ಅರ್ಥವಷ್ಟೇ ಇರುವುದಿಲ್ಲ. ಎಷ್ಟೋ ಕಡೆ ಗಾದೆ, ಕಾವ್ಯದ ಪ್ರಯೋಗ, ಜನ ಆಡುವ ರೀತಿ ಎಲ್ಲ ಜೊತೆಗಿವೆ. ಪದ ಯಾರ ಸಂಗಡ ಓಡಾಡುತ್ತದೆ ಎಂಬುದನ್ನು ಬಿಟ್ಟು ಅವರು ಪದವನ್ನು ಹಿಡಿದಿಡಲಿಲ್ಲ.

ಮುಂದಿನ ಸೋಮವಾರದಿಂದ ಹೊಸ ನೋಟ್‌ಬುಕ್ ಕೊಳ್ಳಬೇಡ. ಡಬ್ಬ ಮಾಡಿಕೋ. ಹಳೆಯ ಪುಸ್ತಕದಿಂದ ದಿನಕ್ಕೆ 10 ಪದ ಚೀಟಿಗೆ ಇಳಿಸು, ನಿನಗೆ ಬಾರದವುಗಳನ್ನು ಮಾತ್ರ. ಎರಡು ದಿನ ತಪ್ಪಿದರೆ ಗಾಬರಿಯಾಗಿ ಎಲ್ಲ ಒಟ್ಟಿಗೆ ಮುಗಿಸಲು ಹೋಗಬೇಡ. ಮೊದಲ ಖಾನೆಯಿಂದ ಶುರುಮಾಡಿ ಆದಷ್ಟು ಮಾಡು. ಪರೀಕ್ಷೆಗೆ ಎರಡು ವಾರ ಇರುವಾಗ ಹೊಸ ಪದ ನಿಲ್ಲಿಸು, ಆಮೇಲೆ ಬರೀ ಒಪ್ಪಿಸುವುದು ಮತ್ತು ಮಾತಾಡುವುದು. ಒಪ್ಪಿಸಿಕೊಳ್ಳುವವರಿಗೆ ಜರ್ಮನ್ ಬರಬೇಕೆಂದೇನೂ ಇಲ್ಲ. ಚೀಟಿಯ ಹಿಂದೆ ಜರ್ಮನ್ ಅಕ್ಷರದ ಕೆಳಗೆ ಕನ್ನಡ ಲಿಪಿಯಲ್ಲೂ ಬರೆದಿಟ್ಟರೆ ನಿಮ್ಮ ಅವ್ವ ರೊಟ್ಟಿ ಬಡಿಯುವ ಕೆಲಸ ಮುಗಿಸಿ ಕೂತಾಗ ಚೀಟಿ ಹಿಡಿದು ಕೇಳಬಹುದು. ನಿನಗೆ ಮಗ್ಗಿ ಒಪ್ಪಿಸಿಕೊಂಡವಳು ಅವಳೇ, ಡೇರ್ ಬಿಟ್ಟರೆ ಹಿಡಿದೇ ಹಿಡಿಯುತ್ತಾಳೆ. ರವಿವಾರ ಮುಂಜಾನೆ ನಾನು ಮನೆಯಲ್ಲಿಯೇ ಇರುತ್ತೇನೆ, ಮೂರನೆಯ ಖಾನೆಯ ಚೀಟಿಗಳನ್ನು ತೆಗೆದುಕೊಂಡು ಬಾ.